ಸಾರಸಕ್ಕೆ ಗಂಡು ತಂದದ್ದು

ಮಿತ್ರರೇ, ಇಂದು ಬೆಳಗ್ಗೆ ನಾನೊಂದು ಕಳ್ಳ ಮದುವೆ ಮಾಡಿಸಿದ್ದೇನೆ. ವಧುವಿನ ಒಪ್ಪಿಗೆ ಕೇಳಲಿಲ್ಲ. ವರನನ್ನಂತೂ ನಾನೇ ಹುಟ್ಟಿಸಿದೆ.

ಅಕ್ಕನ ಮಗಳು ಪದ್ದು ಇವತ್ತು ಸಂಜೆಯ ರೈಲಿಗೆ ಭದ್ರಾವತಿಗೆ, ಗಂಡನ ಮನೆಗೆ ಹೊರಟಿದ್ದಳು. ಹಳೆಯ ಅರಮನೆ ಚಿತ್ರವೊಂದನ್ನು ನೋಡಿ ತಾನೇ ಬರೆದ ಸಾರಸ ಪಕ್ಷಿಯ ಪಟವನ್ನು ಅಲ್ಲಿನ ಗೋಡೆಗೆ ಹಾಕುವ ಆಸೆ ಅವಳಿಗೆ. ನಮ್ಮಮ್ಮ ಅಡ್ಡ ನಿಂತಳು: "ಮೊದಲ ಸಲ ಗಂಡನ ಮನೆಗೆ ಹೋಗೋಳು ಒಂಟಿ ಹಕ್ಕಿ ತಗೊಂಡು ಹೋಗ್ತಾಳೇನೋ? ಇಲ್ಲೇ ಇರ್ಲಿ." ಪದ್ದುವಿನ ಕಣ್ಣು ತುಂಬಿತು.

"ಅಳಬೇಡ ಮಾರಾಯ್ತಿ, ನಿನ್ನ ಮಾವ ಕಾಲೇಜಿನಲ್ಲಿ ಚಿತ್ರಗಾರ ಅಂತಲೇ ಹೆಸರಾದವನು" ಎಂದು ಕುಂಚ ಹಿಡಿದೆ. ಊಟದ ಹೊತ್ತಿಗೆ ಸಾರಸದ ಪಕ್ಕದಲ್ಲಿ ಉದ್ದ ಕತ್ತಿನ ಗಂಡ ನಿಂತಿದ್ದ.

ಅಮ್ಮ ಕನ್ನಡಕ ಏರಿಸಿ ನೋಡಿದಳು. ಮುಖ ಅರಳಿತು. "ಪಕ್ಕದಲ್ಲಿ ನೀರಿನ ಹೂಜಿ ಬರೆದಿದ್ದೀಯಲ್ಲೋ! ತುಂಬಿದ ಪಾತ್ರೆ ಜೊತೆಗಿದ್ರೆ ಶುಭ. ಧಾರಾಳವಾಗಿ ತಗೊಂಡು ಹೋಗ್ಲಿ."

ಜಟಕಾ ಬಂದು ನಿಂತಾಗ ಪದ್ದು ನನ್ನ ಕಿವಿಯಲ್ಲಿ ಕೇಳಿದಳು: "ಮಾವ, ಹೂಜಿಗೆ ಕಾಲು ಯಾಕೆ?"

ಅಮ್ಮ ಇನ್ನೊಮ್ಮೆ ನೋಡುವ ಮೊದಲು ವರನ ಎರಡೂ ಕಾಲುಗಳನ್ನು ನಾನೇ ಬಣ್ಣ ಬಳಿದು ಮುಚ್ಚಿದೆ. ಸತ್ಯ ಹೇಳಬೇಕೆಂದರೆ, ಹೂಜಿಯಾಗಿ ಬಲು ಚೆನ್ನಾಗಿ ಬಂದಿದೆ.