ನಾನು ತುಂಬಿಬಿಟ್ಟ ಕಚ್ಚು

ದವಾಖಾನೆಗಳ ತಪಾಸಣೆಯ ಸಾಹೇಬರು ಬಾಗಲಕೋಟೆಯಿಂದ ಹೊರಟಿದ್ದಾರೆ ಎಂದು ಫೋನು ಬಂದಾಗ ಬೆಳಿಗ್ಗೆ ಒಂಬತ್ತೂವರೆ. ಇಳಕಲ್ಲಿನ ನನ್ನ ಹಲ್ಲಿನ ದವಾಖಾನೆ ಎಂದರೆ ಒಂದು ಕುರ್ಚಿ, ಒಂದು ಬೆಂಚು, ಹಿಂದುಗಡೆ ಕಟ್ಟಿಸುವ ಹಲ್ಲಿನ ಸೆಟ್ಟು ತಯಾರಾಗುವ ಒಂದು ಸಣ್ಣ ಕೋಣೆ. ಅಷ್ಟಕ್ಕೇ ಗಡಿಬಿಡಿಗೆ ಬಿದ್ದೆ. ದರಪಟ್ಟಿಯ ಬೋರ್ಡು ಒರೆಸಿದೆ, ಬೆಂಕಿ ಆರಿಸುವ ಸಿಲಿಂಡರಿನ ಧೂಳು ಹೊಡೆದೆ, ದವಾಖಾನೆಯ ಕಸದ ಹಳದಿ ಚೀಲ, ಕೆಂಪು ಚೀಲ ಅವುಗಳ ಬುಟ್ಟಿಗೆ ಸೇರಿಸಿದೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ. ಕಸ ಹೊಡೆಯುವಾಕೆಯನ್ನು ಎರಡು ಸಲ ಬೈದೆ, ಮೂರನೆಯ ಸಲ ನನ್ನನ್ನೇ ಬೈದುಕೊಂಡೆ.

ಹಿಂದಿನ ಕೋಣೆ ಕಾಕಾ ಅವರದು. ಸಂಬಂಧದಲ್ಲಿ ಕಾಕಾ ಅಲ್ಲ, ಊರೆಲ್ಲ ಹಾಗೆ ಕರೆಯುತ್ತದೆ. ಹುನಗುಂದದಿಂದ ದಿನಾ ಬಸ್ಸಿಗೆ ಬರುತ್ತಾರೆ. ನಾನು ಹುಟ್ಟುವ ಮೊದಲಿನಿಂದಲೂ ಹಲ್ಲಿನ ಸೆಟ್ಟು ಮಾಡುತ್ತಿದ್ದಾರೆ, ಆದರೆ ಕಲಿತದ್ದೆಲ್ಲ ಇನ್ನೊಬ್ಬರ ಕೈ ನೋಡಿ; ಸರ್ಟಿಫಿಕೇಟು ಎಂಬುದು ಒಂದೂ ಇಲ್ಲ. ನನ್ನ ಹೆದರಿಕೆ ಇದೊಂದೇ ಆಗಿತ್ತು. ಅವರ ಬಸ್ಸು ಇನ್ನೂ ಬಂದಿರಲಿಲ್ಲ. ಅಂದು ಕೊಡಬೇಕಾಗಿದ್ದ ಒಂದು ಸೆಟ್ಟು ಅವರ ಮೇಜಿನ ಮೇಲೆ ನೀರಿನ ಡಬ್ಬಿಯಲ್ಲಿತ್ತು. ಎತ್ತಿ ನೋಡಿದರೆ, ಮೇಲಿನ ಮುಂದಿನ ಹಲ್ಲಿನ ತುದಿಯಲ್ಲಿ ಸಣ್ಣದೊಂದು ಕಚ್ಚು! ಒಡೆದ ಹಲ್ಲು, ಅದೂ ಇವತ್ತೇ! ಸಾಹೇಬರ ಕಣ್ಣಿಗೆ ಬಿದ್ದರೆ ಕಾಕಾ ಕಥೆ ಮುಗಿಯಿತು ಎಂದುಕೊಂಡು, ಹಲ್ಲು ತುಂಬುವ ಸಿಮೆಂಟಿನಿಂದ ಅದನ್ನು ತುಂಬಿ, ಪಾಲಿಶ್ ಮಾಡಿ, ಗುರುತೇ ಸಿಗದಂತೆ ಮಾಡಿದೆ. ನನಗೆ ನಾನೇ ಶಾಬಾಸ್ ಅಂದುಕೊಂಡೆ.

ಕಾಕಾ ಬಂದು ಏಪ್ರನ್ ಕಟ್ಟಿಕೊಳ್ಳುವಷ್ಟರಲ್ಲಿ ಸಾಹೇಬರ ಜೀಪು ಬಂತು. ಮುಂದಿನ ಕೋಣೆಯಲ್ಲಿ ಎಲ್ಲ ಸರಿಹೋಯಿತು. ಹಿಂದಿನ ಕೋಣೆಯಲ್ಲಿ ಅವರು ಕಾಕಾ ಅವರ ಕಾಗದಪತ್ರ ಕೇಳಿದರು. ಇಲ್ಲವೆಂದೆ.

"ಹಂಗಾದ್ರ ಡಾಕ್ಟರು ಎದುರಿಗಿದ್ದು ಹೇಳಿದ್ದಷ್ಟ ಇವ್ರು ಮಾಡಬೇಕು. ತಾವಾ ತಲಿ ಓಡಿಸಿ ಮಾಡಿದ್ದು ಒಂದ ಒಂದು ಕಂಡ್ರೂ ಇವತ್ತಿಂದ ಇವ್ರನ್ನ ಮನಿಗೆ ಕಳಸಬೇಕಾಗ್ತದ. ನಾ ಏನೂ ಮಾಡಾಕ ಬರೂದಿಲ್ರಿ, ಡಾಕ್ಟರ್ ಬಾಯಾರ," ಎಂದರು ಸಾಹೇಬರು. ಕೆಟ್ಟ ಮನುಷ್ಯರೇನಲ್ಲ, ಕಾನೂನು ಹಾಗಿದೆ ಎಂದು ಮುಖದಲ್ಲೇ ಕಾಣುತ್ತಿತ್ತು. ಕಾಕಾ ತಲೆ ತಗ್ಗಿಸಿ ನಿಂತಿದ್ದರು.

ಅದೇ ಹೊತ್ತಿಗೆ ಸೆಟ್ಟಿನ ಒಡತಿ ಬಂದಳು. ಮಗ್ಗದ ಮನೆಯ ಮುದುಕಿ, ಎಲ್ಲರಿಗೂ ಆಯಿ. ಮಗ್ಗದ ಹಳೆಯ ಹಾಸಿನ, ಅಂದರೆ ಉದ್ದಕ್ಕೆ ಬಿಗಿದ ನೂಲಿನ, ಒಂದೊಂದು ಎಳೆಗೆ ಹೊಸ ಹಾಸಿನ ಒಂದೊಂದು ಎಳೆ ಗಂಟು ಹಾಕುವುದು ಅವಳ ಕೆಲಸ. ಉಳಿದಿದ್ದ ಅವಳ ಮುಂದಿನ ಹಲ್ಲುಗಳನ್ನು ಕಿತ್ತವಳು ನಾನೇ. ಎಲ್ಲರೂ ಮುಂದಿನ ಕೋಣೆಗೆ ಬಂದೆವು; ಅವಳು ಕುರ್ಚಿಗೆ ಕೂತು ಸೆಟ್ಟು ಹಾಕಿಕೊಂಡಳು. ಕನ್ನಡಿ ಕೊಟ್ಟೆ, ಅವಳು ಅದರ ಕಡೆ ನೋಡಲೂ ಇಲ್ಲ. ಸೆರಗಿನ ಗಂಟು ಬಿಚ್ಚಿ ಒಂದು ರೇಷ್ಮೆ ಎಳೆ ತೆಗೆದು ಹಲ್ಲಿಗೆ ಕೊಟ್ಟು ಎಳೆದಳು. ಎಳೆ ಜಾರಿತು. ಮತ್ತೆ ಎಳೆದಳು, ಮತ್ತೆ ಜಾರಿತು.

"ಅಯ್ಯ ಶಿವನ! ಕಾಕಾ, ನನ್ನ ಕಚ್ಚು ಎಲ್ಲಿ ಹೋತ್ರಿ? ಎಳಿ ಹರೀವಲ್ದು!"

ಸಾಹೇಬರು ಬರೆಯುವುದನ್ನು ನಿಲ್ಲಿಸಿ ತಲೆ ಎತ್ತಿದರು. ಕಾಕಾ ಸೆಟ್ಟು ತೆಗೆದುಕೊಂಡು ಹೆಬ್ಬೆರಳು ಆಡಿಸಿ ನನ್ನ ಕಡೆ ನೋಡಿದರು. ಆ ನೋಟದಲ್ಲಿ ಬೈಗುಳ ಇರಲಿಲ್ಲ.

"ನಾನ ತುಂಬೀನ್ರಿ ಕಾಕಾ. ಒಡದೈತಿ ಅಂತ ತಿಳಕೊಂಡೆ. ಮತ್ತ ಮಾಡ್ರಿ," ಎಂದೆ.

ಕಾಕಾ ಆಯಿಗೆ ಸೆಟ್ಟು ಹಾಕಿಸಿ, ಎಳೆ ಹಿಡಿಯಲು ಹೇಳಿದರು. ಅವಳ ಕೈ ಯಾವ ಕಡೆಯಿಂದ ಬರುತ್ತದೆ ಎಂದು ನೋಡಿ ಪೆನ್ಸಿಲಿನಿಂದ ಗುರುತು ಹಾಕಿದರು. ಸೆಟ್ಟು ತೆಗೆದು, ಬೆರಳುದ್ದದ ಅರದಿಂದ ಓರೆಯಾಗಿ ಉಜ್ಜಿದರು. ನಾಲ್ಕು ಸಲವೋ ಐದು ಸಲವೋ, ಅಷ್ಟೇ. ಆಯಿ ಹಾಕಿಕೊಂಡು ಎಳೆ ಕೊಟ್ಟಳು. ಟಕ್! ಎರಡೂ ಕೈಯಲ್ಲಿ ಎಳೆ ಹೊಸೆಯುತ್ತಾ ಗಂಟು ಹಾಕಿದಳು, ಟಕ್! ಅಬ್ಬಾ, ಆ ಬೆರಳುಗಳ ವೇಗ! ಕಣ್ಣು ಎಲ್ಲೋ, ಕೈ ಎಲ್ಲೋ, ಬಾಯಿ ಎಲ್ಲೋ, ಆದರೂ ಒಂದು ಎಳೆಯೂ ತಪ್ಪಲಿಲ್ಲ. ಸಾಹೇಬರು ಪೆನ್ನು ಹಿಡಿದುಕೊಂಡೇ ನಿಂತುಬಿಟ್ಟಿದ್ದರು.

ಆಮೇಲೆ ಅವರು ಮೆಲ್ಲಗೆ ಕೇಳಿದರು: "ಮೊದಲನೇ ಸಲ ಇದನ್ನ ಮಾಡಾಕ ನಿಮಗ ಯಾರು ಹೇಳಿದ್ರು?"

ಕಾಕಾ ಹಿಂದಿನ ಕೋಣೆಯ ಕಪಾಟಿನಿಂದ ಒಂದು ಪ್ಲಾಸ್ಟರಿನ ಅಚ್ಚು ತಂದು ಅವರ ಕೈಗಿಟ್ಟರು. ಹಲ್ಲು ಕೀಳುವ ಮೊದಲು ತೆಗೆದ, ಆಯಿಯ ಬಾಯಿಯ ಅಚ್ಚು. ಮುಂದಿನ ಹಲ್ಲಿನಲ್ಲಿ ಅದೇ ಓರೆ ಕಚ್ಚು. ಹುಡುಗಿಯಾಗಿದ್ದಾಗಿನಿಂದ ಅವಳು ಆ ಹಲ್ಲಿಗೆ ಕೊಟ್ಟು ಹರಿದ ಎಳೆಗಳೆಲ್ಲ ಸೇರಿ ಸವೆಸಿದ್ದು.

"ಇದ ಹೇಳಿತ್ರಿ," ಎಂದರು ಕಾಕಾ.

ಸಾಹೇಬರು ನನ್ನ ಕಡೆ ತಿರುಗಿದರು. "ನೀವು ಹೇಳಿದ್ರೇನ್ರಿ, ಡಾಕ್ಟರ?"

ಹೌದು ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಸುಳ್ಳು ಹೇಳಲು ಮನಸ್ಸಾಗಲಿಲ್ಲ. ಸಿಟ್ಟು ಬಂತು, ನನ್ನ ಮೇಲೇ.

"ಇಲ್ರೀ! ನನಗ ಕಂಡಿದ್ರ ಅಲ್ಲೇನ್ರಿ ಹೇಳೂದು? ಆ ಹಲ್ಲನ್ನ ಈ ಕೈಲೆ ಕಿತ್ತು ಹಳದಿ ಚೀಲಕ್ಕ ಹಾಕೀನಿ. ಮನಿಗೆ ಕಳಸೂದಿದ್ರ ನನ್ನ ಕಳಸ್ರಿ, ಅವ್ರನ್ನಲ್ಲ!"

ಸಾಹೇಬರು ಅಚ್ಚನ್ನು ಎರಡೂ ಕೈಯಲ್ಲಿ ಹಿಡಿದು ಕಾಕಾ ಅವರಿಗೆ ಮರಳಿಸಿದರು. ಕಾಗದದ ಮೇಲೆ ಬರೆದು ಗಟ್ಟಿಯಾಗಿ ಓದಿದರು: ವೈದ್ಯರು ಎದುರಿಗಿದ್ದು ಹೇಳಿದಂತೆ ಸಹಾಯಕರು ಹಲ್ಲಿನ ಸೆಟ್ಟನ್ನು ಸರಿಪಡಿಸಿದರು.

"ನಾ ಕಣ್ಣಾರೆ ಕಂಡದ್ದು ಇಷ್ಟ. ಸಹಿ ಮಾಡ್ರಿ," ಎಂದರು.

ಸಹಿ ಮಾಡಿದೆ. ಜೀಪು ಹೋಯಿತು, ಆಯಿಯೂ ಹೋದಳು. ನಾನು ಹಿಂದಿನ ಕೋಣೆಗೆ ಹೋಗಿ ಆ ಕಪಾಟಿನ ಮುಂದೆ ನಿಂತೆ. ಸಾಲು ಸಾಲು ಪ್ಲಾಸ್ಟರಿನ ಬಾಯಿಗಳು. ನಾನೇ ಹಲ್ಲು ಕಿತ್ತು ಖಾಲಿ ಮಾಡಿದವು. ನನಗೆ ಅಳು ಬಂತು.

"ಕಾಕಾ, ನನ್ನ ಕಣ್ಣಿಗೆ ಬೀಳದಂಥ ಗುರುತು ಇನ್ನ ಎಷ್ಟ್ ಅದಾವ್ರಿ ಇದರಾಗ?"

ಕಾಕಾ ಸ್ಟೂಲಿನ ಮೇಲಿನ ಪ್ಲಾಸ್ಟರಿನ ಪುಡಿ ಒರೆಸಿ ನನ್ನ ಕಡೆ ಸರಿಸಿದರು.

"ಕುಂದರ್ರಿ, ತೋರಸ್ತೇನಿ," ಎಂದು ಮೊದಲನೆಯ ಅಚ್ಚನ್ನು ನನ್ನ ಕೈಗೆ ಕೊಟ್ಟರು.