ಬಾಗಿಲು ಹಾಕಿಕೊಂಡು ಬರುತ್ತೇನೆ

ನಮ್ಮ ಮನೆಯ ಬೀಗ ಹಿತ್ತಾಳೆಯದು, ಅಂಗೈ ತುಂಬುವಷ್ಟು ದಪ್ಪ. ಮೆಹದಿಪಟ್ಟಣಂನ ಈ ಫ್ಲ್ಯಾಟಿನ ಬಾಗಿಲಲ್ಲೇ, ಎಳೆದರೆ ತಾನಾಗಿ ಬೀಳುವ ಬೀಗವೊಂದು ಅಡಗಿದೆ. ಆದರೂ ನಾನು ಹೊರಗೊಂದು ಚಿಲಕ ಹಾಕಿಸಿ, ಈ ಹಿತ್ತಾಳೆ ಮಹಾಶಯರನ್ನು ಅದಕ್ಕೆ ತೂಗುಹಾಕಿ, ಮೂರು ಸಲ ಜಗ್ಗಿ ನೋಡದೆ ಹೊರಡುವವನಲ್ಲ. ಇನ್ನೊಂದು ನಿಯಮವೂ ಉಂಟು: ಹೊರಡುವಾಗ ಎಲ್ಲರೂ ಒಟ್ಟಿಗೆ ಹೊರಡಬೇಕು. ಒಬ್ಬರು ಮುಂದೆ, ಒಬ್ಬರು ಹಿಂದೆ ಎಂಬುದು ನಮ್ಮಲ್ಲಿ ನಿಷಿದ್ಧ. ನನ್ನ ಹೆಂಡತಿ ಇದನ್ನು ನನ್ನ ಇತರ ಕಾಯಿಲೆಗಳ ಪಟ್ಟಿಗೆ ಸೇರಿಸಿಕೊಂಡು ಇಪ್ಪತ್ತು ವರ್ಷಗಳಿಂದ ಸಹಿಸಿದ್ದಾಳೆ.

ಕಳೆದ ವಾರ ಈ ನಿಯಮ ಮುರಿಯಿತು. ಮದುವೆಗೆಂದು ಹೊರಟಿದ್ದೆವು. ಲಿಫ್ಟಿನ ಗುಂಡಿ ಒತ್ತಿದ ಮೇಲೆ ಅವಳಿಗೆ ಕನ್ನಡಕ ನೆನಪಾಯಿತು. "ನೀವು ಇಳೀತಾ ಇರಿ, ನಾನು ಬಾಗಿಲು ಹಾಕ್ಕೊಂಡು ಬರ್ತೀನಿ" ಎಂದು ಒಳಗೆ ಹೋದಳು. ಲಿಫ್ಟು ಬಂತು. ನಾನು ಹತ್ತಲಿಲ್ಲ, ಅದನ್ನು ಹೋಗಲೂ ಬಿಡಲಿಲ್ಲ. ಅದರ ಬಾಗಿಲಿಗೆ ಕಾಲು ಅಡ್ಡ ಇಟ್ಟು ನಿಂತೆ. ಒಳಗಿದ್ದ ಮೇಲಿನ ಮಹಡಿಯ ತರುಣ ಕೈಗಡಿಯಾರ ನೋಡಿಕೊಂಡ. ಅವನನ್ನು ಸ್ವಲ್ಪ ಹೊತ್ತು ಹಾಗೇ ನಿಲ್ಲಿಸಿ, ಈ ಕಾಲಿನ ಕಾರಣವನ್ನು ನಿಮಗೆ ಹೇಳಿಬಿಡುತ್ತೇನೆ.

ತೆಲುಗರ ಈ ರಾಜಧಾನಿಯಲ್ಲಿ ಸಿಕ್ಕವರೆಲ್ಲ ಕಂಪ್ಯೂಟರ್ ಕಲಿಯುತ್ತಿದ್ದ ಕಾಲ ಅದು. ನಾನು ಕನ್ನಡ ಪಾಠ ಹೇಳುತ್ತಿದ್ದ ಶಾಲೆಯಲ್ಲಿ ಕನ್ನಡದ ಕೊನೆಯ ತರಗತಿ ಪಾಸಾಗಿ ಹೋಯಿತು. ಶಾಲೆಗೂ ನನಗೂ ಇನ್ನು ಪರಸ್ಪರ ಉಪಯೋಗವಿಲ್ಲವೆಂದು ಇಬ್ಬರಿಗೂ ಮನವರಿಕೆಯಾಯಿತು. ಹೀಗೆ ಐವತ್ತು ದಾಟಿದ ಮೇಲೆ ನಾನು ಬೇಗಂಪೇಟೆಯ ಒಂದು ಕಂಪನಿ ಸೇರಿದೆ. ಪರದೇಶದ ಸಿನಿಮಾಗಳ ಅಡಿಯಲ್ಲಿ ಕನ್ನಡದ ಸಾಲು ಕೂರಿಸುವುದು ಕೆಲಸ. ಯಜಮಾನ ಕುಂದಾಪುರದ ಪ್ರಸನ್ನ, ನನ್ನ ಶಿಷ್ಯನಾಗಿರಬಹುದಾದ ವಯಸ್ಸಿನವನು. ಮೊದಲ ದಿನವೇ ಉಪದೇಶ ಕೊಟ್ಟ: "ಎರಡೇ ಸಾಲು ಸಾರ್. ಮೂರು ಸೆಕೆಂಡಲ್ಲಿ ಓದಿ ಮುಗೀಬೇಕು." ನಮ್ಮ ಹಿಂದಿನ ಕವಿಗಳು ಯಾರೂ ಇಷ್ಟು ಬಿಗಿಯಾದ ಛಂದಸ್ಸಿಗೆ ಒಳಪಟ್ಟವರಲ್ಲ.

ಮೊದಲು ಬಂದದ್ದು ಒಂದು ಚೀನೀ ಸಿನಿಮಾ. ಅದರ ಹೆಸರನ್ನು ಉಚ್ಚರಿಸುವ ಧೈರ್ಯ ನನಗೆ ಅಂದೂ ಇರಲಿಲ್ಲ, ಇಂದೂ ಇಲ್ಲ. ನದಿಯ ದಡದ ಒಂದು ಸಣ್ಣ ಊರಿಗೆ ಶತ್ರುಗಳ ಸೈನ್ಯ ನುಗ್ಗುತ್ತದೆ. ಯುದ್ಧದ ಸಿನಿಮಾ ಎಂದು ಹೆಸರೇ ಹೊರತು ಕಾದಾಡುವವರ ಮುಖ ಕಾಣುವುದೇ ಕಡಿಮೆ. ಕಾಣುವುದೆಲ್ಲ ಊರಿನವರು, ಅವರ ಗಂಟುಮೂಟೆ, ಪಾದ. ಒಬ್ಬ ತಾಯಿ ತನ್ನ ಏಳೆಂಟು ವರ್ಷದ ಮಗಳನ್ನು ನೆರೆಯವರ ದೋಣಿಗೆ ಹತ್ತಿಸಿ ಕಳಿಸುತ್ತಾಳೆ. ಆ ಮಗು ಹೇಗೆ ಬದುಕುಳಿಯಿತು ಎಂಬುದೇ ಕಥೆ. ಮಾತುಗಳ ಇಂಗ್ಲಿಷ್ ಪ್ರತಿ ನನ್ನ ಕೈಯಲ್ಲಿತ್ತು. ಮಾತು ಬಂದಾಗ ಸಿನಿಮಾ ನಿಲ್ಲಿಸಿ ಬರೆಯುವುದು, ಮಾತಿಲ್ಲದ ಕಡೆ ಓಡಿಸಿಬಿಡುವುದು ನನ್ನ ಪದ್ಧತಿ. ಮೌನಕ್ಕೆ ಅನುವಾದವಿಲ್ಲವೆಂದು ನಾನು ಪ್ರಾಮಾಣಿಕವಾಗಿ ನಂಬಿದ್ದೆ. ಕಿಟಕಿಯಾಚೆ ಹಳೆಯ ವಿಮಾನ ನಿಲ್ದಾಣಕ್ಕೆ ಸಾಫ್ಟ್‌ವೇರಿನವರನ್ನು ಹೊತ್ತ ವಿಮಾನಗಳು ಇಳಿಯುತ್ತಿದ್ದವು, ಪರದೆಯ ಮೇಲೆ ಬಾಂಬು ಹೊತ್ತ ವಿಮಾನಗಳು ಏರುತ್ತಿದ್ದವು. ಸದ್ದು ಯಾವುದರದೆಂದು ಎಷ್ಟೋ ಸಲ ತಿಳಿಯುತ್ತಿರಲಿಲ್ಲ.

ಆಫೀಸಿನಲ್ಲಿ ಚಹಾ ಮಾಡಿ, ಕಸ ಗುಡಿಸುತ್ತಿದ್ದವಳು ಖಾಸಿಂಬಿ. ಬೀದರ್ ಕಡೆಯ ಹಳ್ಳಿಯಿಂದ ಚಿಕ್ಕಂದಿನಲ್ಲೇ ಇಲ್ಲಿಗೆ ಬಂದವಳು, ಅರವತ್ತು ದಾಟಿದ ವಯಸ್ಸು. ಓದು ಬಾರದು. ಹನ್ನೊಂದು ಗಂಟೆಗೆ ಚಹಾ ತಂದವಳು ಒಂದು ದಿನ ನನ್ನ ಕುರ್ಚಿಯ ಹಿಂದೆ ಟ್ರೇ ಹಿಡಿದು ನಿಂತುಬಿಟ್ಟಳು. ಪರದೆಯ ಮೇಲೆ ತಾಯಿ ರೊಟ್ಟಿಗಳನ್ನು ಬಟ್ಟೆಯಲ್ಲಿ ಕಟ್ಟುತ್ತಿದ್ದಳು.

"ಉಪ್ಪು ಕಟ್ಟಲಿಲ್ಲ ಆಕಿ," ಎಂದಳು ಖಾಸಿಂಬಿ. "ಗಡಿಬಿಡಿಯಾಗ ಮರತಾಳ."

ಯುದ್ಧದ ನಡುವೆ ಅಡುಗೆಮನೆಯ ಚಿಂತೆ ಎಂದು ನಾನು ವಿದ್ವತ್ಪೂರ್ಣವಾಗಿ ನಕ್ಕೆ. ಎರಡು ದಿನದ ಮೇಲೆ, ಹುಡುಗಿ ಜೊಂಡಿನಲ್ಲಿ ಅಡಗಿ ಕೂತ ಭಾಗವನ್ನು ಮಾತಿಲ್ಲವೆಂದು ಓಡಿಸುತ್ತಿದ್ದೆ. "ಒಂದೀಟು ಹಿಂದಕ ಹೊಡೀರಿ ಮಾಸ್ತರ್ರ" ಎಂದಳು. ಹೊಡೆದೆ. ಆ ಮಗು ಬೆವರಿದ ತನ್ನ ಮುಂಗೈಯನ್ನು ನೆಕ್ಕುತ್ತಿತ್ತು, ಒಣ ರೊಟ್ಟಿ ಕಚ್ಚುತ್ತಿತ್ತು, ಮತ್ತೆ ನೆಕ್ಕುತ್ತಿತ್ತು. ನನ್ನ ಕೈಯಲ್ಲಿದ್ದ ಪ್ರತಿಯಲ್ಲಿ ಅದರ ಸುದ್ದಿಯೇ ಇರಲಿಲ್ಲ. ಖಾಸಿಂಬಿ ಲೋಟ ತೆಗೆದುಕೊಂಡು ಹೋದಳು. ಓಡಿಸಿಬಿಟ್ಟ ಕಡೆಗಳಲ್ಲೆಲ್ಲ ಇನ್ನೂ ಏನೇನು ಇತ್ತೋ.

ಅಲ್ಲಿಂದ ಮುಂದೆ ಹನ್ನೊಂದರ ಚಹಾ ಹನ್ನೆರಡರವರೆಗೂ ನಡೆಯತೊಡಗಿತು. ಆಕೆ ನೋಡುವುದು, ನಾನು ಬರೆದದ್ದನ್ನು ಓದಿ ಹೇಳುವುದು. ದೋಣಿ ಹತ್ತಿಸುವ ದೃಶ್ಯವನ್ನು ಮತ್ತೆ ಹಾಕಿ, ತಾಯಿಯ ಬಾಯಲ್ಲಿ ನಾನು ಇಟ್ಟಿದ್ದ ಮಾತನ್ನು ಹೆಮ್ಮೆಯಿಂದಲೇ ಓದಿದೆ: "ಮುಂದೆ ಸಾಗು ಮಗಳೇ, ನಾನು ನಿನ್ನನ್ನು ಹಿಂಬಾಲಿಸುವೆನು."

"ಹಿಂಗ ಯಾರ ಮಾತಾಡ್ತಾರ್ರಿ? ಊರು ಉರಿಯಾಕತ್ತೈತಿ, ಆಕಿ ಭಾಷಣ ಮಾಡ್ತಾಳೇನು?"

"ಮತ್ತೆ ಏನು ಅಂತಾಳೆ?"

ಖಾಸಿಂಬಿ ಟ್ರೇಯ ಅಂಚು ಒರೆಸಿದಳು. "ನೀ ನಡಿ, ನಾ ಬಾಗಲಾ ಹಾಕ್ಕೊಂಡ ಬರ್ತೀನಿ."

ಇಷ್ಟು ತಡವಿಲ್ಲದೆ ಹೇಗೆ ಹೇಳಿದಿರಿ ಎಂದು ಕೇಳಿದೆ. ಆಕೆ ಹೇಳಿದಳು, ನೆಲ ಒರೆಸುವವರ ದನಿಯಲ್ಲಿ, ಒಂದೇ ಸಮನೆ.

"ನಮ್ಮವ್ವ ಹಂಗs ಅಂದಿದ್ದಳ್ರಿ. ಗಲಾಟಿ ವರ್ಷ. ನಾ ಎಂಟ ವರ್ಷದಾಕಿ. ಬಾಜೂ ಮನಿ ಈರಪ್ಪ ಕಾಕಾ ಬಂಡ್ಯಾಗ ಹುಲ್ಲ ತುಂಬಿ, ಅದರ ಕೆಳಗ ನನ್ನ ಮುಚ್ಚಿ, ಬೀದರಕ್ಕ ಬಿಟ್ಟ ಬಂದ್ರು. ಹುಲ್ಲಿನ ಸಂದ್ಯಾಗಿಂದ ನೋಡಿದೆ, ಬಾಗಲಾಗ ನಿಂತಿದ್ದಳು. ಬರ್ತೀನಂದಾಕಿ ಬರಲಿಲ್ಲ. ಆಮ್ಯಾಲೆ ಊರಾಗ ಯಾರೂ ಉಳಿದಿದ್ದಿಲ್ಲ ಕೇಳಾಕ." ಟ್ರೇಯನ್ನು ಇನ್ನೊಂದು ಕೈಗೆ ಬದಲಿಸಿ, "ಸುಳ್ಳ ಹೇಳಿ ಕಳಿಸಿದಳು" ಎಂದಳು. "ನಾ ಹಟಾ ಮಾಡಬಾರದಂತ. ಖರೇ ಹೇಳಿದ್ದರ ನಾನೂ ಅಲ್ಲೇ ನಿಂತಿರತಿದ್ದೆ."

ಪೊಲೀಸ್ ಕಾರ್ಯಾಚರಣೆಯ ಕಾಲದ, ಐವತ್ತು ವರ್ಷದ ಹಿಂದಿನ ಆ ಮಾತಿನ ಮೇಲೆ ಆಕೆಗೆ ಇನ್ನೂ ಸಿಟ್ಟಿತ್ತು. ನಾನು ನನ್ನ ಸಾಲನ್ನು ಅಳಿಸಿ ಅವಳ ತಾಯಿಯ ಸಾಲನ್ನು ಬರೆದೆ. ಪ್ರಸನ್ನ ಬಂದು ಓದಿ, "ಇದು ನಮ್ಮ ಕಡೆಯವರಿಗೆ ಅರ್ಥ ಆಗ್ತದಾ ಸಾರ್?" ಎಂದ. ಅಕ್ಷರ ಎಣಿಸಿದ. ಒಂದೇ ಸಾಲಿನಲ್ಲಿ ಹಿಡಿಸುತ್ತಿತ್ತು. ಒಪ್ಪಿದ.

ತಾಪತ್ರಯ ಶುರುವಾದದ್ದು ಅನಂತರ. ದಿನವೂ ಚಹಾದ ಜೊತೆ ಒಂದು ಪ್ರಶ್ನೆ ಬರತೊಡಗಿತು: "ಬಂದಳೇನ್ರಿ ಆಕಿ, ಬಾಗಲಾ ಹಾಕ್ಕೊಂಡು?" ಸಿನಿಮಾದ ತಾಯಿಯ ವಿಚಾರ. ನಾನು ಪ್ರತಿಯನ್ನು ಕೊನೆಯವರೆಗೂ ಓದಿದ್ದವನು. ದೋಣಿಯ ಮಾತಾದ ಮೇಲೆ ಆ ತಾಯಿಗೆ ಒಂದು ಮಾತೂ ಇರಲಿಲ್ಲ. ಕಡೆಯಲ್ಲಿ ನೆರೆಯ ಮುದುಕ "ನಾವು ಅವಳನ್ನು ಮತ್ತೆ ನೋಡಲಿಲ್ಲ" ಎನ್ನುತ್ತಾನೆ, ಅಲ್ಲಿಗೆ ಮಾತು ಮುಗಿಯಿತು. ಆದರೂ "ಇನ್ನೂ ಇದೆ, ನೋಡೋಣ" ಎನ್ನುತ್ತಿದ್ದೆ. ಮೂವತ್ತು ವರ್ಷ ಮಕ್ಕಳಿಗೆ ಸತ್ಯದ ಮಹಿಮೆಯನ್ನು ಬೋಧಿಸಿದವನು ಒಂದು ಸುಳ್ಳನ್ನು ಕ್ರಮವಾಗಿ ಸಿದ್ಧಪಡಿಸಿಕೊಂಡೆ. ಆಕೆಗೆ ಓದು ಬಾರದು. ಮುದುಕನ ಮಾತನ್ನು "ಅವಳು ಬೇರೆ ಊರಲ್ಲಿ ಸುಖವಾಗಿದ್ದಾಳೆ" ಎಂದು ಓದಿ ಹೇಳಿಬಿಟ್ಟರೆ ಚೀನಾದಿಂದ ಯಾರೂ ಆಕ್ಷೇಪಣೆಗೆ ಬರಲಾರರು.

ಕೊನೆಯ ದಿನ ಬಂತು. ಮುದುಕ ತುಟಿ ಅಲ್ಲಾಡಿಸಿದ. ನಾನು ಗಂಟಲು ಸರಿಮಾಡಿಕೊಂಡೆ. ಖಾಸಿಂಬಿ ನನ್ನ ಕಡೆ ತಿರುಗಲೇ ಇಲ್ಲ. "ಮಾತು ನಿಮ್ಮದು, ಇಟಗೋರಿ" ಎಂದಳು. "ಮುಂದ ಬಿಡ್ರಿ."

ಮುಂದೆ ಮಾತಿಲ್ಲ. ಹಾಗಾಗಿ ನಾನೂ ಅದನ್ನು ನೋಡಿರಲಿಲ್ಲ. ಹುಡುಗಿ ದೊಡ್ಡವಳಾಗಿದ್ದಾಳೆ. ಹಳೆಯ ಬೀದಿಯಲ್ಲಿ ಒಬ್ಬಳೇ ನಡೆದು ಬರುತ್ತಾಳೆ. ಮನೆಯ ಸೂರಿಲ್ಲ, ಹಿಂದಿನ ಗೋಡೆಯಿಲ್ಲ, ಮುಂದಿನ ಗೋಡೆ ಮತ್ತು ಬಾಗಿಲು ಮಾತ್ರ ಮಸಿ ಹಿಡಿದು ನಿಂತಿವೆ. ಅವಳು ಬಾಗಿಲ ಮೇಲೆ ಕೈಯಿಡುತ್ತಾಳೆ. ಅಷ್ಟೇ.

"ನಿಲ್ಲಸ್ರಿ."

ನಿಲ್ಲಿಸಿದೆ. ಖಾಸಿಂಬಿ ಮೊದಲ ಸಲ ಟ್ರೇಯನ್ನು ನನ್ನ ಮೇಜಿನ ಮೇಲೆ ಇಟ್ಟು, ಪರದೆಯ ಹತ್ತಿರ ಬಾಗಿದಳು. ಹುಡುಗಿಯ ಬೆರಳುಗಳ ಕೆಳಗೆ ತುಕ್ಕು ಹಿಡಿದ ಒಂದು ಬೀಗ ನೇತಾಡುತ್ತಿತ್ತು. ಬೀಗಕ್ಕೆ ಖಾಸಿಂಬಿಯ ಕಡೆ ಕೀಲಿ ಎನ್ನುತ್ತಾರೆ.

"ಕೀಲಿ ಹೊರಗ ಐತಿ ಮಾಸ್ತರ್ರ. ಒಳಗ ಕುಂತಾಕಿ ಹೊರಗ ಹೆಂಗ ಕೀಲಿ ಹಾಕ್ತಾಳ? ಹೊರಬಿದ್ದಾಳ ಆಕಿ. ಬರಾಕತ್ತಿದ್ದಳು."

ಒಂದು ವಿಮಾನ ಇಳಿಯಿತು. ಅದರ ಸದ್ದು ಅಡಗಿತು. ಆಮೇಲೆ ಆಕೆ ಬಹಳ ಮೆಲ್ಲಗೆ, ನನಗಲ್ಲ ಎಂಬಂತೆ ಹೇಳಿದಳು.

"ನಮ್ಮವ್ವನ ಕೈಯಾಗ ಕೀಲಿ ಇತ್ತರಿ. ಬಂಡಿ ಹೊಂಟಾಗ ಬಾಗಲಾಗ ನಿಂತಿದ್ದಳಲ್ಲ, ಕೈಯಾಗ ಕೀಲಿ ಹಿಡ್ಕೊಂಡಿದ್ದಳು. ಇಷ್ಟ ವರ್ಷ ಕಣ್ಣಾಗ ಹಂಗs ಐತಿ, ಏನಂತ ತಿಳಿದಿದ್ದಿಲ್ಲ. ಮನ್ಯಾಗ ಉಳಿಯಾಕಿ ಕೀಲಿ ಯಾಕ ಹಿಡಿತಾಳ್ರಿ?"

ಚೀನಾದ ಒಂದು ಬೀಗದಿಂದ ಬೀದರ್ ಕಡೆಯ ಒಂದು ಬಾಗಿಲ ಬಗ್ಗೆ ತೀರ್ಮಾನಕ್ಕೆ ಬರುವುದನ್ನು ತರ್ಕಶಾಸ್ತ್ರ ಒಪ್ಪುವುದಿಲ್ಲ. ಆ ಗಳಿಗೆಯಲ್ಲಿ ತರ್ಕಶಾಸ್ತ್ರ ಎಲ್ಲಿ ಹೋಗಿತ್ತೋ ತಿಳಿಯದು. ನಾನು ಎದ್ದು ನಿಂತಿದ್ದೆ. ಯಾವಾಗ ಎದ್ದೆನೋ ಅದೂ ತಿಳಿಯದು. ಅಕ್ಷರ ಬಾರದ ಒಬ್ಬಾಕೆ ಐವತ್ತು ವರ್ಷ ತನ್ನೊಳಗಿಟ್ಟುಕೊಂಡ ಒಂದೇ ಒಂದು ಚಿತ್ರವನ್ನು ನನ್ನ ಕಣ್ಣೆದುರೇ ಓದಿ ಮುಗಿಸಿದ್ದಳು. ನಾನು ಅಷ್ಟು ಚೆನ್ನಾಗಿ ಯಾವ ಪುಸ್ತಕವನ್ನೂ ಓದಿಲ್ಲ. ತಾಯಿಗೆ ಏನಾಯಿತೆಂದು ಆಕೆಗೆ ಅಂದೂ ತಿಳಿಯಲಿಲ್ಲ, ಮುಂದೆಯೂ ತಿಳಿಯಲಿಲ್ಲ. ತಿಳಿದದ್ದು ಆ ಮಾತು ಸುಳ್ಳಲ್ಲ ಎಂಬುದು.

ಆಕೆ ಸೆರಗಿನಿಂದ ಪರದೆಯ ಧೂಳು ಒರೆಸಿ, ಟ್ರೇ ಎತ್ತಿಕೊಂಡಳು. "ಚಾ ಆರೇತಿ, ಬ್ಯಾರೆ ತರ್ತೀನಿ" ಎಂದು ಹೋದಳು. ನಾನು ಸಿದ್ಧಪಡಿಸಿದ್ದ ಸುಳ್ಳು ಉಪಯೋಗಕ್ಕೆ ಬರದೆ ನನ್ನಲ್ಲೇ ಉಳಿಯಿತು.

ಆ ವಾರವೇ ಅಬಿಡ್ಸಿಗೆ ಹೋಗಿ ಈ ಹಿತ್ತಾಳೆ ಬೀಗ ಕೊಂಡೆ. ಯಾರನ್ನೂ ಹಿಂದೆ ಬಿಡಬಾರದೆಂಬ ನಿಯಮವನ್ನೂ ಅಂದೇ ಮಾಡಿದೆ. ಅಂದರೆ ಖಾಸಿಂಬಿ ಹೇಳಿದ್ದರಲ್ಲಿ ಹೆದರಿಕೆಯನ್ನಷ್ಟೇ ಮನೆಗೆ ತಂದಿದ್ದೆ. ಮಿಕ್ಕದ್ದು ನನ್ನ ತಲೆಗೆ ಹತ್ತಿರಲೇ ಇಲ್ಲ.

ಲಿಫ್ಟಿನ ತರುಣ ಇನ್ನೂ ನಿಂತಿದ್ದಾನೆ. "ಆಂಟಿ ವಸ್ತಾರಾ ಅಂಕುಲ್?" ಎಂದು ತೆಲುಗಿನಲ್ಲಿ ಕೇಳಿದ. ಬರುತ್ತಾರೆಯೇ ಎಂದು.

ಒಳಗೆ ಮೇಜಿನ ಖಾನೆ ಎಳೆದ ಸದ್ದು, ಚಪ್ಪಲಿಯ ಸದ್ದು. ಆಮೇಲೆ ಚಿಲಕ ಸರಿದು, ಹಿತ್ತಾಳೆ ಬೀಗ ಕಟ್ಟೆಂದು ಬಿತ್ತು, ಹೊರಗಿನಿಂದ.

ನಾನು ಕಾಲು ತೆಗೆದೆ. "ನೀನು ನಡಿಯಪ್ಪ," ಎಂದೆ. "ಅವಳು ಬರ್ತಿದ್ದಾಳೆ."