ದೊಡ್ಡಕ್ಕನ ರುಚಿಯ ಸೌಟು

ಕಾರ್ಖಾನೆಯ ಕ್ಯಾಂಟೀನಿನಲ್ಲಿ ಇಪ್ಪತ್ತೇಳು ವರ್ಷ ಒಲೆಯ ಮುಂದೆ ನಿಂತವಳು ದೊಡ್ಡಕ್ಕ. ಅವಳು ಅಡುಗೆಮನೆಯ ಬಾಗಿಲಿಗೆ ಅಡ್ಡ ನಿಂತರೆ ಒಳಗಿದ್ದವರಿಗೆ ಬೆಳಕು ಬೀಳುತ್ತಿರಲಿಲ್ಲ. ಅರುವತ್ತು ಜನರ ಸೂಪಿನ ತಪ್ಪಲೆಯನ್ನು ಎರಡು ಮಸಿಬಟ್ಟೆ ಹಿಡಿದು ಒಬ್ಬಳೇ ಇಳಿಸುತ್ತಿದ್ದಳು.

ಮಂಡಿ ನೋವು, ಸಕ್ಕರೆ ಕಾಯಿಲೆ ಎರಡೂ ಸೇರಿ ಅವಳನ್ನು ಆಪರೇಷನ್ನಿಗೆ ಒಪ್ಪಿಸಿದವು. ಡಾಕ್ಟರು ಜಠರವನ್ನು ಚಿಕ್ಕದು ಮಾಡಿ, ಕರುಳಿನ ಒಂದಿಷ್ಟು ಭಾಗವನ್ನು ಊಟದ ದಾರಿಯಿಂದ ತಪ್ಪಿಸಿದರು. ನಾಲ್ಕು ತಿಂಗಳಲ್ಲಿ ಮೂವತ್ತು ಕಿಲೋ ಇಳಿಯಿತು, ಮಂಡಿ ಹಗುರಾಯಿತು. ಆದರೆ ಬಾಚಣಿಗೆಯ ತುಂಬ ಕೂದಲು ಬರತೊಡಗಿತು. ಒಂದು ಬೆಳಿಗ್ಗೆ ತಪ್ಪಲೆ ಹಿಡಿದ ಕೈ ಸೋತು, ಅರ್ಧ ಸೂಪು ನೆಲದ ಪಾಲಾಯಿತು.

ಮ್ಯಾನೇಜರು ಬೈಯಲಿಲ್ಲ. "ಎರಡು ತಿಂಗಳು ನೋಡೋಣ ಅಕ್ಕ. ಆಗ್ಲಿಲ್ಲ ಅಂದ್ರೆ ಹೊರಗೆ ಕೂತ್ಕೊಂಡು ಟೋಕನ್ ಕೊಡಿ" ಎಂದರು. ಬೈದಿದ್ದರೇ ವಾಸಿಯಿತ್ತು ಎನ್ನಿಸಿತು ಅವಳಿಗೆ.

ತಪಾಸಣೆಗೆಂದು ಮತ್ತೆ ಆಸ್ಪತ್ರೆಗೆ ಹೋದಾಗ ಜೊತೆಯಲ್ಲಿ ಹೋದವಳು ಈರುಳ್ಳಿಯಮ್ಮ. ಅದೇ ಅಡುಗೆಮನೆಯಲ್ಲಿ ಇಪ್ಪತ್ತು ವರ್ಷದಿಂದ ತರಕಾರಿ ಹೆಚ್ಚುತ್ತ, ದೊಡ್ಡಕ್ಕನ ಉಪ್ಪಿಗೆ ಕೊಂಕು ತೆಗೆಯುತ್ತ ಬಂದವಳು.

ಪಥ್ಯ ಹೇಳುವ ಡಾಕ್ಟರಮ್ಮ ರಕ್ತದ ವರದಿ ನೋಡಿ ಹುಬ್ಬು ಗಂಟಿಕ್ಕಿದರು. "ಪ್ರೋಟೀನ್ ತುಂಬಾ ಕಡಿಮೆ ಇದೆ. ಮೊಟ್ಟೆ, ಮೊಸರು, ಬೇಳೆ ತಿಂತಿಲ್ವಾ?"

"ಅರ್ಧ ಮೊಟ್ಟೆ ಇಳಿಯೋದ್ರಲ್ಲಿ ಸಾಕಾಗುತ್ತೆ ತಾಯಿ. ಇನ್ನೇನೂ ಬಾಯಿಗಿಡಲ್ಲ, ಆಣೆ."

"ಮತ್ತೆ ಹೊಟ್ಟೆ ಅಷ್ಟು ಬೇಗ ಯಾಕೆ ತುಂಬುತ್ತೆ?"

"ಸೌಟು ಲೆಕ್ಕಕ್ಕಿಲ್ವಾ?" ಎಂದಳು ಈರುಳ್ಳಿಯಮ್ಮ. "ಉಪ್ಪು ನೋಡೋಕೆ ನಾಲ್ಕು ಸೌಟು, ಹುಳಿ ನೋಡೋಕೆ ಎರಡು. ಬೆಳಿಗ್ಗೆ ಆರರಿಂದ ಇವಳ ಬಾಯಿಗೆ ರಜಾನೇ ಇಲ್ಲ."

"ಅದು ತಿನ್ನೋದಲ್ಲ ಕಣೇ, ಕೆಲಸ."

ಡಾಕ್ಟರಮ್ಮ ನಕ್ಕುಬಿಟ್ಟರು. "ನಿಮ್ಮ ಹೊಟ್ಟೆ ಈಗ ಪುಟ್ಟ ಬಟ್ಟಲು. ಸೂಪೇ ತುಂಬಿದ್ರೆ ಮೊಟ್ಟೆಗೆ ಜಾಗ ಎಲ್ಲಿ? ತಿಂದಿದ್ದೂ ಮೊದಲಿನಷ್ಟು ಮೈಗೆ ಹತ್ತಲ್ಲ. ಅದಕ್ಕೇ ಪ್ರೋಟೀನ್ ಮೊದಲು. ಸ್ವಲ್ಪ ಸ್ವಲ್ಪ, ದಿನಕ್ಕೆ ಐದಾರು ಸಲ, ಚೆನ್ನಾಗಿ ಅಗಿದು. ನೀರು ಅರ್ಧ ಗಂಟೆ ಆದ್ಮೇಲೆ. ಸಾಲದ್ದಕ್ಕೆ ಒಂದು ಪುಡಿ ಬರ್ಕೊಡ್ತೀನಿ. ಸೌಟು ಬಿಡಿ."

ಬಸ್ಸಿನಲ್ಲಿ ದೊಡ್ಡಕ್ಕನಿಗೆ ಅದೇ ಯೋಚನೆ. ಸೌಟು ಹಿಡಿದರೆ ಕೈಗೆ ಬಲವಿಲ್ಲ. ಸೌಟು ಬಿಟ್ಟರೆ ಅವಳು ಅಡುಗೆಯವಳೇ ಅಲ್ಲ. ಕಿಟಕಿಗೆ ತಲೆಯೊರಗಿಸಿದವಳಿಗೆ ಅಮ್ಮನ ನೆನಪಾಯಿತು.

ಅಮ್ಮ ಒಂದು ದೊಡ್ಡ ಮನೆಯಲ್ಲಿ ಅಡುಗೆಗಿದ್ದಳು. ಕಡ್ಡಿಯಂಥ ಮೈ, ಗಟ್ಟಿ ತೋಳು. ಏಳು ವರ್ಷದ ಮಗಳು ಬಾಗಿಲ ಬಳಿ ಬುಟ್ಟಿ ಬೋರಲು ಹಾಕಿಕೊಂಡು, ಮೊಣಕಾಲಿಗೆ ಗಲ್ಲವೂರಿ ಕೂರುತ್ತಿದ್ದಳು. ಕುದಿ ಬಂದಾಗ ಅಮ್ಮ ಸೌಟನ್ನು ಊದಿ ಊದಿ ಆರಿಸಿ, ಮಗಳ ಅಂಗೈ ಮೇಲೆ ಒಂದೇ ಒಂದು ಹನಿ ಬಿಡುತ್ತಿದ್ದಳು.

"ಹೇಳು, ಏನು ಕಮ್ಮಿ?"

"ಗೊತ್ತಾಗ್ಲಿಲ್ಲ ಅಮ್ಮ, ಇನ್ನೊಂದು ಹನಿ."

"ಕಳ್ಳಿ. ನಾಲಿಗೆಗೆ ಒಂದು ಸಾಕು. ಇನ್ನೊಂದು ಕೇಳ್ತಿರೋದು ನಿನ್ನ ಹೊಟ್ಟೆ."

ಆ ಬಿಸಿ ಹನಿ ಅಂಗೈ ಗೆರೆಯಲ್ಲಿ ಓಡುತ್ತಿದ್ದ ಕಚಗುಳಿ ಅವಳಿಗೆ ಇಂದಿಗೂ ಮರೆತುಹೋಗಿರಲಿಲ್ಲ. ಅಮ್ಮ ಹೋದ ಮೇಲೆ ಹನಿ ಯಾವಾಗ ಸೌಟಾಯಿತೋ ಅವಳಿಗೇ ತಿಳಿಯದು.

ಮರುದಿನ ದೊಡ್ಡಕ್ಕ ಒಲೆ ಹಚ್ಚುವ ಮೊದಲು ಸ್ಟೂಲಿನ ಮೇಲೆ ಕುಳಿತು, ಬೇಯಿಸಿದ ಮೊಟ್ಟೆಯನ್ನು ಚೂರು ಚೂರಾಗಿ ಅಗಿದು ಮುಗಿಸಿದಳು. ಅರ್ಧ ಗಂಟೆ ಕಳೆದು ಸೂಪು ಕುದಿ ಬಂದಾಗ ಸೌಟು ಎತ್ತಿದ್ದೇ ತಡ, ಈರುಳ್ಳಿಯಮ್ಮ ಕತ್ತಿ ಕೆಳಗಿಟ್ಟು ದುರುಗುಟ್ಟಿದಳು. ದೊಡ್ಡಕ್ಕ ಅವಳ ಕಡೆ ನೋಡದೆ ಅಂಗೈಗೆ ಒಂದು ಹನಿ ಬಿಟ್ಟುಕೊಂಡಳು. ಉಪ್ಪು ಕಮ್ಮಿಯಿತ್ತು. ಒಂದು ಹನಿಯಲ್ಲೇ ತಿಳಿಯಿತು.

ಹತ್ತು ಗಂಟೆಗೆ ಮೊಸರು, ಮಧ್ಯಾಹ್ನ ಬೆಂದ ಬೇಳೆ, ಸಂಜೆ ಹಾಲಿನಲ್ಲಿ ಕಲಸಿದ ಪುಡಿ. ಪುಡಿ ಸುಣ್ಣದಂತಿದೆಯೆಂದು ದಿನವೂ ಗೊಣಗುತ್ತಲೇ ಕುಡಿದಳು.

ಎರಡು ತಿಂಗಳು ತುಂಬಿದ ದಿನ ಮ್ಯಾನೇಜರು ಬಾಗಿಲಲ್ಲಿ ನಿಂತಿದ್ದರು. ದೊಡ್ಡಕ್ಕ ಮಸಿಬಟ್ಟೆ ಹಿಡಿದು ತಪ್ಪಲೆ ಎತ್ತಿ, ಕಟ್ಟೆಯ ಮೇಲಿಟ್ಟಳು. ಒಂದು ತೊಟ್ಟೂ ಚೆಲ್ಲಲಿಲ್ಲ. ಅವರು ತಲೆದೂಗಿ ಹೊರಟುಹೋದರು.

"ಉಪ್ಪು ಜಾಸ್ತಿ ಇರುತ್ತೆ, ನೋಡ್ಕೋ" ಎಂದಳು ಈರುಳ್ಳಿಯಮ್ಮ, ಅಭ್ಯಾಸ ಬಲದಿಂದ.

"ಎಲ್ಲಿ, ಕೈ ಚಾಚು." ದೊಡ್ಡಕ್ಕ ಸೌಟನ್ನು ಊದಿ ಊದಿ ಆರಿಸಿ, ಅವಳ ಅಂಗೈಗೆ ಒಂದು ಹನಿ ಬಿಟ್ಟಳು. "ಹೇಳು, ಏನು ಜಾಸ್ತಿ?"

ಈರುಳ್ಳಿಯಮ್ಮ ನೆಕ್ಕಿ, ಕಣ್ಣು ಮುಚ್ಚಿ ಯೋಚಿಸಿ, ಮತ್ತೆ ಕೈ ಚಾಚಿದಳು.

"ಗೊತ್ತಾಗ್ಲಿಲ್ಲ. ಇನ್ನೊಂದು ಹನಿ ಹಾಕು."